ದೋಷ ಆಟಿಕೆಯದಲ್ಲ



2023ರ ಜೂನ್ 18ರಂದು ಟೈಟನ್ ಎಂಬ ಪುಟ್ಟ ಜಲಾಂತರ್ನೌಕೆ ಅಟ್ಲಾಂಟಿಕ್ ಸಾಗರದ ಆಳದಲ್ಲಿ ನೀರಿನ ಒತ್ತಡಕ್ಕೆ ನಜ್ಜುಗುಜ್ಜಾಯಿತು. ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೊರಟಿದ್ದ ಐವರೂ ಸತ್ತರು. ಆ ನೌಕೆಯನ್ನು ನಡೆಸುತ್ತಿದ್ದುದು ಲಾಜಿಟೆಕ್ ಕಂಪನಿಯ ವಿಡಿಯೋ ಗೇಮ್ ಕಂಟ್ರೋಲರ್; ಅಂದರೆ ಮಕ್ಕಳು ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಗುಂಡಿ ಒತ್ತಿ ಆಡುವ ಹಿಡಿ. ಸುದ್ದಿ ತಿಳಿದೊಡನೆ ಅನೇಕರು ನಕ್ಕರು: "ಆಟಿಕೆ ಹಿಡಿದು ಕಡಲಿಗಿಳಿದರೆ ಇನ್ನೇನಾದೀತು?"

ಈ ನಗುವನ್ನು ನಾವು ಒಪ್ಪಲಾಗದು. ಇದು ನಿಜವಾದ ತಪ್ಪನ್ನು ಮರೆಮಾಡುವ ನಗು.

ಅಂಥದೇ ಹಿಡಿ ಅಮೆರಿಕದ ನೌಕಾದಳದಲ್ಲೂ ಇದೆ. 2018ರಲ್ಲಿ ಸೇವೆಗೆ ಸೇರಿದ 'ಕೊಲರಾಡೋ' ಜಲಾಂತರ್ಗಾಮಿಯಲ್ಲಿ, ನೀರಿನ ಮೇಲಿನದನ್ನು ನೋಡುವ ಕ್ಯಾಮೆರಾ ಕಂಬವನ್ನು ತಿರುಗಿಸಲು ಎಕ್ಸ್‌ಬಾಕ್ಸ್ ಆಟದ ಹಿಡಿಯನ್ನೇ ಕೊಟ್ಟರು. ಮೊದಲಿನ ಹಿಡಿಯ ಬೆಲೆ ಸುಮಾರು 38,000 ಡಾಲರ್. ಇದರದು 30 ಡಾಲರಿಗೂ ಕಡಿಮೆ. ಹಳೆಯದು ಭಾರ, ಕೈಗೆ ಒಗ್ಗದು ಎಂದವರು ಅದನ್ನು ಹಿಡಿದು ದುಡಿಯುವ ನಾವಿಕರೇ. ಮೇಲಿನವರು ಅವರ ಮಾತಿಗೆ ಕಿವಿಗೊಟ್ಟರು. ಗಂಟೆಗಟ್ಟಲೆ ಕಲಿಯಬೇಕಿದ್ದ ಕೆಲಸ ನಿಮಿಷಗಳಲ್ಲಿ ಕೈಗೆ ಬಂತು. ಅಗ್ಗವೆಂದ ಮಾತ್ರಕ್ಕೆ ಸಾಧನ ಕೀಳಲ್ಲ.

"ಅಲ್ಲಿ ಅದು ಕಂಬವನ್ನಷ್ಟೇ ತಿರುಗಿಸುತ್ತದೆ, ಟೈಟನ್‌ನಲ್ಲಿ ಇಡೀ ನೌಕೆಯನ್ನೇ ನಡೆಸಿತಲ್ಲ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ತಂತಿಯಿಲ್ಲದ ಹಿಡಿ ಕೈಕೊಟ್ಟರೆ ಬದಲಿ ದಾರಿ ಏನೆಂದು ಕೇಳಲೇಬೇಕು. ಆದರೆ ಐವರ ಜೀವ ತೆಗೆದದ್ದು ಹಿಡಿಯಲ್ಲ, ನೌಕೆಯ ಗೋಡೆ. ಟೈಟಾನಿಕ್ ಮಲಗಿರುವ 3,800 ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 380 ಕಿಲೋ ಭಾರ ಬೀಳುತ್ತದೆ. ಅದನ್ನು ತಡೆಯಬೇಕಾದ ಕಾರ್ಬನ್ ನಾರಿನ ಗೋಡೆಗೆ ಯಾವ ಸ್ವತಂತ್ರ ಸಂಸ್ಥೆಯ ಪ್ರಮಾಣಪತ್ರವೂ ಇರಲಿಲ್ಲ.

ಎಚ್ಚರಿಸಿದವರು ಇರಲಿಲ್ಲವೇ? ಇದ್ದರು. ನೌಕೆಯ ಒಡೆತನದ ಓಷನ್‌ಗೇಟ್ ಕಂಪನಿಯಲ್ಲೇ ಕೆಲಸಕ್ಕಿದ್ದ ಡೇವಿಡ್ ಲಾಕ್ರಿಜ್ ಎಂಬವರು, ಗೋಡೆಯ ಪರೀಕ್ಷೆ ಸಾಲದೆಂದು 2018ರಲ್ಲೇ ಬರೆದುಕೊಟ್ಟರು. ಅದಕ್ಕೆ ಸಿಕ್ಕಿದ್ದು ಕೆಲಸದಿಂದ ವಜಾ. ಅದು ಸಾಲದೆಂದು ಕೋರ್ಟಿನಲ್ಲಿ ದಾವೆ ಬೇರೆ. ಈ ಅನಾಹುತವನ್ನು ತಪ್ಪಿಸಬಹುದಿತ್ತು, ಕೆಲಸ ಹೋದೀತೆಂಬ ಭಯ ಹುಟ್ಟಿಸಿ ನೌಕರರ ಬಾಯಿ ಕಟ್ಟಲಾಗಿತ್ತು ಎಂದು ಅಮೆರಿಕದ ಕರಾವಳಿ ಕಾವಲು ಪಡೆ 2025ರ ವರದಿಯಲ್ಲಿ ಹೇಳಿತು. ಸತ್ತ ಐವರಲ್ಲಿ ಆ ಕಂಪನಿಯ ಮುಖ್ಯಸ್ಥರೂ ಒಬ್ಬರು. ಕಡಲಿಗೆ ಧಣಿ, ಆಳು ಎಂಬ ಭೇದವಿಲ್ಲ.

ಎರಡೂ ನೌಕೆಗಳಲ್ಲಿ ಇದ್ದದ್ದು ಒಂದೇ ಬಗೆಯ ಹಿಡಿ. ಒಂದರಲ್ಲಿ ದುಡಿಯುವವರ ಮಾತು ನಡೆಯಿತು. ಇನ್ನೊಂದರಲ್ಲಿ ಮಾತಾಡಿದವರನ್ನೇ ಹೊರಗಟ್ಟಿದರು. ಆದ್ದರಿಂದ ಸ್ನೇಹಿತರೇ, ಯಾವ ಯಂತ್ರವೇ ಬರಲಿ, ಬೆಲೆ ನೋಡಿ ಮರುಳಾಗಬೇಡಿ, ರೂಪ ನೋಡಿ ನಗಲೂ ಬೇಡಿ. ಇದನ್ನು ಪರೀಕ್ಷಿಸಿದವರು ಯಾರು? ಹಿಡಿದು ದುಡಿಯುವವರನ್ನು ಕೇಳಿದರೇ? ಅಪಾಯವಿದೆ ಎಂದವರ ಕೆಲಸ ಉಳಿಯುತ್ತದೆಯೇ? ಈ ಮೂರಕ್ಕೂ ಉತ್ತರ ಸಿಗುವವರೆಗೆ ಕೇಳುತ್ತಲೇ ಇರಿ.