ಹೊಟ್ಟೆನೋವು ಅಂದರೆ ನಾಟಕ ಅಲ್ಲ



ನಮ್ಮ ರಜಾ ಅರ್ಜಿಗಳಲ್ಲಿ ಇರುವ ಕಾರಣ ಎರಡೇ. ಒಂದು ಜ್ವರ, ಇನ್ನೊಂದು ಹೊಟ್ಟೆನೋವು. ಜ್ವರವಾದರೆ ಹಣೆ ಮುಟ್ಟಿ ನೋಡಬಹುದು. ಹೊಟ್ಟೆನೋವನ್ನು ಹಾಗೆ ಮುಟ್ಟಿ ನೋಡಲು ಆಗುವುದಿಲ್ಲ. ಅದಕ್ಕೇ ಹೊಟ್ಟೆನೋವು ಅಂದ ಕೂಡಲೇ "ಹೋಂವರ್ಕ್ ಮಾಡಿಲ್ಲ, ನಾಟಕ ಮಾಡ್ತಾನೆ" ಅಂತಾರೆ. ಕೆಲವರು ಸುಳ್ಳು ಹೇಳುವುದೂ ಉಂಟು. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂಬುದು ನನ್ನ ಅಭಿಪ್ರಾಯ.

ನಮ್ಮ ದೊಡ್ಡಮ್ಮನ ಮಗಳು ಏಳನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಂಟಕ್ಕೆ ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿದಳು. ಆಮೇಲೆ ಹೊಟ್ಟೆನೋವು ಶುರುವಾಯಿತು. ಬೆಳಗ್ಗೆ ಬಸ್ಸಿನ ಹೊತ್ತಿಗೆ ಜಾಸ್ತಿ, ಭಾನುವಾರ ಕಡಿಮೆ. ಅಜ್ಜಿ ಓಂಕಾಳಿನ ಕಷಾಯ ಕೊಟ್ಟರು, ದೃಷ್ಟಿ ತೆಗೆದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲಾ ಆಯಿತು. ಎಲ್ಲವೂ ನಾರ್ಮಲ್ ಬಂತು. ಆಗ ಮನೆಯವರು "ದುಡ್ಡು ದಂಡ, ಇವಳಿಗೆ ಏನೂ ಇಲ್ಲ" ಅಂತ ಬೈದರು. ರಿಪೋರ್ಟಿನಲ್ಲಿ ಏನೂ ಕಾಣಲಿಲ್ಲ ಅಂದರೆ ನೋವೇ ಇಲ್ಲ ಅಂತ ಅರ್ಥವೇ? ಅಕ್ಕ ಯುಗಾದಿಯ ಹೋಳಿಗೆಯನ್ನೂ ಅರ್ಧಕ್ಕೆ ಬಿಟ್ಟಿದ್ದಳು. ನಾಟಕ ಮಾಡುವವರು ಹೋಳಿಗೆ ಬಿಡುತ್ತಾರೆಯೇ?

ಆರೋಗ್ಯ ತಪಾಸಣೆಗೆ ನಮ್ಮ ಶಾಲೆಗೆ ಡಾಕ್ಟರು ಬಂದಾಗ ನಾನು ಇದನ್ನೇ ಕೇಳಿದೆ. ನಮ್ಮ ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳು ಇವೆಯಂತೆ. ಮಿದುಳಿಗೂ ಕರುಳಿಗೂ ನರಗಳ ಮೂಲಕ ಯಾವಾಗಲೂ ಸುದ್ದಿ ಹೋಗಿ ಬರುತ್ತಾ ಇರುತ್ತದೆ. ಹೆದರಿಕೆಯಾದರೆ ಕರುಳಿನ ಚಲನೆ ಏರುಪೇರಾಗುತ್ತದೆ. ನರಗಳು ಸೂಕ್ಷ್ಮವಾಗಿ, ಸ್ವಲ್ಪ ಗ್ಯಾಸ್ ಆದರೂ ದೊಡ್ಡ ನೋವು ಅನ್ನಿಸುತ್ತದೆ. ನೋವಾದರೆ ಹೆದರಿಕೆ, ಹೆದರಿದರೆ ಮತ್ತೆ ನೋವು. ಗಾಣದ ಎತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು ಅಂತ ಕಾಣುತ್ತದೆ. ಕೆಟ್ಟ ಸುದ್ದಿ ಕೇಳಿದರೆ "ಕರುಳು ಚುರುಕ್ ಅಂತು" ಅನ್ನುತ್ತಾರಲ್ಲ!

ಇದು ನಮ್ಮ ಕಡೆ ಮಾತ್ರ ಇರುವ ತೊಂದರೆ ಅಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ಡಾಕ್ಟರು ಇನ್ನೊಬ್ಬ ಡಾಕ್ಟರ ಜೊತೆ ಸೇರಿ 1000 ಶಾಲಾ ಮಕ್ಕಳನ್ನು ವಿಚಾರಿಸಿ, 1958ರಲ್ಲಿ ಅದನ್ನು ಪ್ರಕಟಿಸಿದರು. ಹತ್ತು ಮಕ್ಕಳಲ್ಲಿ ಸುಮಾರು ಒಬ್ಬರಿಗೆ ಮತ್ತೆ ಮತ್ತೆ ಹೊಟ್ಟೆನೋವು ಬರುತ್ತಿತ್ತು. ಹತ್ತರಲ್ಲಿ ಒಬ್ಬರು ಅಂದರೆ ಒಂದು ತರಗತಿಯಲ್ಲಿ ಎಷ್ಟು ಜನ ಆಗಬಹುದು, ನೀವೇ ಲೆಕ್ಕ ಹಾಕಿ.

ಹಾಗಂತ ಎಲ್ಲಾ ಹೊಟ್ಟೆನೋವೂ ಹೆದರಿಕೆಯಿಂದ ಬರುವುದಿಲ್ಲ. ಜಂತುಹುಳ ಇರಬಹುದು, ಅಪೆಂಡಿಕ್ಸ್ ಇರಬಹುದು. ಜ್ವರ, ಮತ್ತೆ ಮತ್ತೆ ವಾಂತಿ, ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಬಲಗಡೆ ಕೆಳಹೊಟ್ಟೆಯಲ್ಲಿ ನೋವು ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು. ಮೊದಲು ಡಾಕ್ಟರು ನೋಡಲೇಬೇಕು.

ಅವರು ನೋಡಿ ಬೇರೆ ಕಾಯಿಲೆ ಇಲ್ಲ ಅಂದರೆ ಮುಂದೇನು? ಅದಕ್ಕೂ ಚಿಕಿತ್ಸೆ ಇದೆ. ಅದು ಮಾತಿನ ಚಿಕಿತ್ಸೆ, ಹೆಸರು ಸಿ.ಬಿ.ಟಿ. ಅಕ್ಕನನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕರ ಹತ್ತಿರ ಕರೆದುಕೊಂಡು ಹೋದರು. ನೋವು ಯಾವಾಗ ಬಂತು, ಆಗ ಮನಸ್ಸಿನಲ್ಲಿ ಏನಿತ್ತು ಅಂತ ನೋಟ್‌ಬುಕ್‌ನಲ್ಲಿ ಬರೆಯಲು ಹೇಳಿದರು. ಹೊಟ್ಟೆ ಉಬ್ಬುವ ಹಾಗೆ ನಿಧಾನವಾಗಿ ಉಸಿರಾಡುವುದನ್ನು ಕಲಿಸಿದರು. ಬರೆದದ್ದು ನೋಡಿದರೆ, ಇಂಗ್ಲಿಷ್ ಪಾಠ ಜೋರಾಗಿ ಓದುವ ದಿನವೇ ನೋವು ಜಾಸ್ತಿ! "ಎಲ್ಲರೂ ನಗ್ತಾರೆ" ಎಂಬ ಯೋಚನೆ ಎಷ್ಟು ನಿಜ ಅಂತ ಅವಳಿಂದಲೇ ಪರೀಕ್ಷೆ ಮಾಡಿಸಿದರು. ಮೊದಲು ಎರಡು ಸಾಲು, ಆಮೇಲೆ ಒಂದು ಪ್ಯಾರಾ ಓದಿಸಿದರು. ಶಾಲೆ ಬಿಡಿಸಬೇಡಿ, ಗಂಟೆಗೊಮ್ಮೆ "ನೋವು ಇದೆಯಾ" ಅಂತ ಕೇಳಬೇಡಿ ಅಂತ ದೊಡ್ಡಮ್ಮನಿಗೂ ಹೇಳಿದರು. ಈಗಲೂ ಅಕ್ಕನಿಗೆ ಒಂದೊಂದು ದಿನ ನೋವು ಬರ್ತದೆ. ಆದರೂ ಶಾಲೆ ತಪ್ಪಿಸುವುದಿಲ್ಲ.

ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜನ ಹುಚ್ಚು ಅಂತಾರೆ ಎಂದು ದೊಡ್ಡವರು ಹೆದರುತ್ತಾರೆ. ಕಣ್ಣು ಮಂಜಾದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಿಲ್ಲವೇ? ಇದೂ ಹಾಗೇ. 2022ರ ಅಕ್ಟೋಬರ್ 10ರಂದು ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭಿಸಿದೆ. ಅದರ ನಂಬರ್ 14416. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ನನ್ನ ಮೂರು ಬೇಡಿಕೆಗಳು. ಅಪ್ಪ ಅಮ್ಮಂದಿರು ಮಕ್ಕಳ ನೋವನ್ನು ಮೊದಲು ನಂಬಬೇಕು. ಗೆಳೆಯರು ಯಾರನ್ನೂ "ನಾಟಕದವನು" ಅಂತ ಅಣಕಿಸಬಾರದು. ಮೂರನೆಯದು, 14416 ನಂಬರನ್ನು ನಮ್ಮ ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ಮುಖ್ಯ ಗುರುಗಳಲ್ಲಿ ವಿನಂತಿಸುತ್ತೇನೆ. ಬಣ್ಣ ಕೊಟ್ಟರೆ ನಾವೇ ಬರೆಯುತ್ತೇವೆ.



– 7ನೇ ತರಗತಿ ವಿದ್ಯಾರ್ಥಿನಿ