ಹೊಳೆಯ ನೀರು, ಹೊಳೆಯ ಹೂಳು



2019 ಮತ್ತು 2021ರ ಮಹಾಪೂರಗಳಲ್ಲಿ ಪಂಚಗಂಗೆ ಉಕ್ಕಿ ಹೊಲಗಳಲ್ಲಿ ಹೂಳು ಬಿಟ್ಟುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ಮಣ್ಣಿನಲ್ಲಿ ವಿಕಿರಣ ಸೂಸುವ ಧಾತುಗಳಿವೆಯಂತೆ, ಕಬ್ಬು ಹಚ್ಚಬಹುದೇ ಎಂದು ಕೇಳುವವರಿದ್ದಾರೆ. ಇರುವುದು ನಿಜ. ಆದರೆ ಅವು ಎಲ್ಲ ಮಣ್ಣಿನಲ್ಲಿಯೂ ಇವೆ. ಅಂಜುವ ಮೊದಲು ಅವುಗಳ ಗುಣ ತಿಳಿಯಬೇಕೆಂಬುದು ನಮ್ಮ ಅಭಿಪ್ರಾಯ.

ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಇವು ಭೂಮಿ ಹುಟ್ಟಿದಂದಿನಿಂದ ಕಲ್ಲಿನಲ್ಲಿರುವಂಥವು. ಕಲ್ಲು ಸವೆದು ಮಣ್ಣಾದಾಗ ಹೊಳೆ ಸೇರುತ್ತವೆ. ಅಲ್ಲಿ ಒಂದೊಂದರ ದಾರಿ ಒಂದೊಂದು. ಯುರೇನಿಯಂ ಗಾಳಿಯಾಡುವ ನೀರಿನಲ್ಲಿ ಕರಗಿ ಹರಿದುಹೋಗುತ್ತದೆ. ಗಾಳಿ ಸಿಗದ ಕೆಸರಿನಲ್ಲಿ ಮತ್ತೆ ತಂಗುತ್ತದೆ. ಥೋರಿಯಂ ಕರಗುವುದೇ ಇಲ್ಲವೆನ್ನಬಹುದು; ಮಣ್ಣಿನ ಕಣ ಹಿಡಿದು ತಳ ಸೇರುತ್ತದೆ. ಯುರೇನಿಯಂನಿಂದ ಹುಟ್ಟುವ ರೇಡಿಯಂ ಜಿಗುಟು ಮಣ್ಣಿಗೆ ಅಂಟಿಕೊಳ್ಳುತ್ತದೆ. ಸಮುದ್ರದ ಉಪ್ಪುನೀರು ತಗಲಿದಾಗ ಬಿಡಿಸಿಕೊಳ್ಳುತ್ತದೆ. ರೇಡಿಯಂನಿಂದ ಹುಟ್ಟುವ ರೇಡಾನ್ ಅನಿಲವು ಹರಿಯುವ ನೀರಿನಿಂದ ಗಾಳಿಗೆ ಹೋಗಿಬಿಡುತ್ತದೆ.

ನಮ್ಮ ಭಾಗದ ಕರಿಯ ಬಸಾಲ್ಟ್ ಕಲ್ಲಿನಲ್ಲಿ ಈ ಧಾತುಗಳು ಗ್ರಾನೈಟಿಗಿಂತ ಬಹಳ ಕಡಿಮೆ. ಆ ಕಲ್ಲಿನಿಂದಾದ ಹೂಳಿಗೆ ಈ ಕಾರಣಕ್ಕಾಗಿ ಹೆದರಬೇಕಾಗಿಲ್ಲ. ಗ್ರಾನೈಟ್ ನಾಡಾದ ಕೋಲಾರ, ಚಿಕ್ಕಬಳ್ಳಾಪುರಗಳ ಮಾತು ಬೇರೆ. ಅಲ್ಲಿ ಹಲವು ಆಳವಾದ ಬೋರ್‌ವೆಲ್‌ಗಳ ನೀರಿನಲ್ಲಿ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ದಾಟಿದೆ. ಅದು ಮೂತ್ರಪಿಂಡಕ್ಕೆ ಕೆಡುಕು. ನೀರು ಕುದಿಸಿದರೂ ಹೋಗುವುದಿಲ್ಲ.

ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ರೇಡಿಯಂ ಹಿಡಿದಿಡುವ ಅದೇ ಜಿಗುಟು ಮಣ್ಣು ಕಾರ್ಖಾನೆಯ ನೀರಿನಲ್ಲಿ ಬರುವ ಸೀಸ, ಕ್ರೋಮಿಯಂಗಳನ್ನೂ ಹಿಡಿದಿಡುತ್ತದೆ. ಹೂಳನ್ನು ಪರೀಕ್ಷೆ ಮಾಡಿಸುವುದಾದರೆ ಇವುಗಳಿಗಾಗಿ ಮಾಡಿಸಬೇಕು. ಅಳತೆ ಮೀರಿ ಸುರಿದ ಯೂರಿಯಾ ನೈಟ್ರೇಟಾಗಿ ಕೆಳಗಿಳಿದು, ಮಣ್ಣಿನಲ್ಲಿ ತಂಗಿದ ಯುರೇನಿಯಂ ಅನ್ನೂ ಕರಗಿಸಿ ನೀರಿಗೆ ಬಿಡಬಲ್ಲದು. ಗೊಬ್ಬರಕ್ಕೆ ಮಿತಿ ಇರಲಿ.

2012ರಲ್ಲಿ ಇಚಲಕರಂಜಿಯಲ್ಲಿ ಕಾಮಣಿ ಹಬ್ಬಿ ಜನ ಸತ್ತದ್ದನ್ನು ಮರೆಯಬಾರದು. ಅದು ವಿಕಿರಣದಿಂದ ಬಂದದ್ದಲ್ಲ, ಹೊಲಸು ಸೇರಿದ ನೀರಿನಿಂದ ಹಬ್ಬುವ ರೋಗ. ಆದ್ದರಿಂದ ಕುಡಿಯುವ ನೀರನ್ನು ಕುದಿಸಿರಿ, ಬೋರಿನ ನೀರನ್ನು ಪರೀಕ್ಷೆ ಮಾಡಿಸಿರಿ, ಹೊಳೆಗೆ ಹೊಲಸು ಬಿಡುವುದನ್ನು ಗ್ರಾಮಸಭೆಯಲ್ಲಿ ಪ್ರಶ್ನಿಸಿರಿ. ಕಲ್ಲಿನಲ್ಲಿ ಮೊದಲಿನಿಂದ ಇದ್ದದ್ದಕ್ಕಿಂತ ನಾವು ಹೊಳೆಗೆ ಹಾಕಿದ್ದೇ ನಮ್ಮ ಮಕ್ಕಳಿಗೆ ಹೆಚ್ಚು ಅಪಾಯ ತರುತ್ತಿದೆ.