ಬಿಸಿ ಟಯರಿನ ಗಾಳಿ ಬಿಡಬೇಕೆ?

ಪರೀಕ್ಷೆ ಮುಗಿದು ರಜೆ ಬಂತೆಂದರೆ ಮನೆಮಂದಿಯೆಲ್ಲ ಕಾರಿನಲ್ಲಿ ಊರಿಗೆ ಹೊರಡುತ್ತಾರೆ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಟಯರು ಮುಟ್ಟಿದರೆ ಸುಡುವಷ್ಟು ಬಿಸಿ. ‘ಸ್ವಲ್ಪ ಗಾಳಿ ಬಿಡಿ, ಇಲ್ಲವಾದರೆ ಸಿಡಿದೀತು’ ಎನ್ನುವವರಿದ್ದಾರೆ. ಈ ಸಲಹೆ ಸರಿಯೆ?

ಅಲ್ಲ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ಅದರ ನಿರಪೇಕ್ಷ ತಾಪಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂದು ವಿದ್ಯಾರ್ಥಿಗಳು ಓದಿರುತ್ತಾರೆ. ಚದರ ಅಂಗುಲಕ್ಕೆ 30 ಪೌಂಡ್ ಗಾಳಿಯಿರುವ ಟಯರಿನಲ್ಲಿ ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು ಒಂದೂವರೆ ಪೌಂಡ್ ಏರುತ್ತದೆ. ಇಳಿದರೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಓಟದಲ್ಲಿ ಆಗುವ ಈ ಏರಿಕೆಯನ್ನು ಗಮನದಲ್ಲಿಟ್ಟೇ ತಯಾರಕರು ತಣ್ಣಗಿರುವ ಟಯರಿನ ಒತ್ತಡವನ್ನು ಸೂಚಿಸುತ್ತಾರೆ.

ಗಾಳಿ ಬಿಟ್ಟರೆ ಟಯರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತವೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಬಿಸಿಯಾಗುವಂತೆ ಟಯರೂ ಇನ್ನಷ್ಟು ಕಾಯುತ್ತದೆ, ಪದರಗಳು ಸಡಿಲವಾಗುತ್ತವೆ. ಹೆದ್ದಾರಿಯ ವೇಗದಲ್ಲಿ ಅದು ಸಿಡಿದರೆ ಕಾರು ಚಾಲಕನ ಹಿಡಿತ ತಪ್ಪುತ್ತದೆ. ಸಿಡಿಯಬಾರದೆಂದು ಬಿಟ್ಟ ಗಾಳಿಯೇ ಸಿಡಿತಕ್ಕೆ ದಾರಿಯಾಗುತ್ತದೆ.

ಚಳಿಗಾಲದ ತೊಂದರೆ ಬೇರೆ. ಏಪ್ರಿಲ್‌ನಲ್ಲಿ ತುಂಬಿಸಿ ಮರೆತ ಟಯರಿನಲ್ಲಿ ಡಿಸೆಂಬರಿನ ಹೊತ್ತಿಗೆ ತಾಪ ಇಳಿದಿರುತ್ತದೆ, ಗಾಳಿಯೂ ತಾನಾಗಿ ಸೋರಿರುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಆದ್ದರಿಂದ ತಿಂಗಳಿಗೊಮ್ಮೆ, ಹವೆ ಬದಲಾದಾಗ ಮತ್ತು ದೂರದ ಪ್ರಯಾಣಕ್ಕೆ ಮುನ್ನ ಒತ್ತಡ ಅಳೆಯಬೇಕು. ಅದೂ ಮುಂಜಾನೆ, ಗಾಡಿ ಓಡುವ ಮೊದಲು. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಸ್ಟೆಪ್ನಿಯನ್ನು ಮರೆಯಬಾರದು. ಗೇಜು ಹಿಡಿದು ಅಂಕಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿದರೆ, ಪುಸ್ತಕದ ನಿಯಮ ಅವರಿಗೆ ಮನೆಯಂಗಳದಲ್ಲೇ ಕಾಣುತ್ತದೆ.